ನೆಳವ ಬಂದ್ರು

ಆ ವರ್ಷ ಗೋಕಾಕದ ಬಾಡಿಗೆ ಮನೆಯಲ್ಲಿ ಕೂತು ಇಂಗ್ಲಿಷಿನ ಒಂದು ಕಾದಂಬರಿಯನ್ನು ಕನ್ನಡಕ್ಕೆ ತರುತ್ತಿದ್ದೆ. ಅದರ ದೇಶ, ಬೆಟ್ಟ, ಪ್ರಾಣಿ ಎಲ್ಲವೂ ಲೇಖಕರ ಕಲ್ಪನೆ. ಆ ದೇಶದಲ್ಲಿ ಯಾರಾದರೂ ಮನೆಗೆ ಹೊರಟರೆ, ಅವರಿಗಿಂತ ಮೊದಲೇ ಅವರಂಥದೇ ಏನೋ ಒಂದು ಬಂದು ಅವರ ಜಾಗದಲ್ಲಿ ಕೂರುತ್ತದೆ. ಅದಕ್ಕೆ ಲೇಖಕರು ಯಾವ ನಿಘಂಟಿನಲ್ಲೂ ಇಲ್ಲದ ಹೆಸರಿಟ್ಟಿದ್ದರು. ದೆವ್ವ ಎನ್ನುವಂತಿಲ್ಲ, ಮನುಷ್ಯ ಇನ್ನೂ ಬದುಕಿದ್ದಾನೆ. ಛಾಯೆಯಿಂದ ಏನು ಕಟ್ಟಿದರೂ ಪುರಾಣದ ವಾಸನೆ. ಕೊನೆಗೆ ನೆರಳಿನ ಹಳೆಯ ರೂಪವಾದ ನೆಳಲು ಎಂಬುದನ್ನೇ ತಿರುವಿ ‘ನೆಳವ’ ಎಂದು ಮಾಡಿದೆ. ಆಮೇಲೆ ಇನ್ನೊಂದು ತೊಡಕು: ನೆಳವ ಬಂದನೋ, ಬಂತೋ? ಬಂದನು ಎಂದರೆ ಗಂಡಸಾಗುತ್ತಿತ್ತು. ಬಂತು ಎಂದರೆ ಬೆಕ್ಕು ಬಂದಂತಾಗುತ್ತಿತ್ತು.

ಅದೇ ಮಳೆಗಾಲದಲ್ಲಿ ಕಲ್ಲೋಳಿಯ ದೊಡ್ಡವ್ವನಿಗೆ, ಅಂದರೆ ನನ್ನ ತಾಯಿಯ ಅಕ್ಕನಿಗೆ, ಲಕ್ವಾ ಹೊಡೆದು ಬಲಗೈ, ಮಾತು ಎರಡೂ ಹೋದವು. ಅವಳೆದುರು ಮಾತಾಡುತ್ತಿರಿ ಎಂದು ಡಾಕ್ಟರು ಹೇಳಿದ್ದರು. ಭಾನುವಾರ ಹೋದಾಗ ನನ್ನ ಮಾತು ಬೇಗ ತೀರಿಹೋಗುತ್ತಿತ್ತು. ಚೀಲದಿಂದ ಅನುವಾದದ ಹಾಳೆ ತೆಗೆದು ಓದುತ್ತಿದ್ದೆ. ಅವಳು ರೆಪ್ಪೆ ಬಡಿಯದೆ ನನ್ನ ಬಾಯಿಯನ್ನೇ ನೋಡುತ್ತಿದ್ದಳು.

ಒಂದು ಸಂಜೆ ಅವಳ ಸೊಸೆ, ನಮ್ಮ ವೈನಿ, ಫೋನ್ ಮಾಡಿದರು.

“ಅತ್ತಿ ಮಾತಾಡಿದ್ರು ನೋಡ್ರಿ.” ದನಿಯಲ್ಲಿ ಖುಷಿಯಿರಲಿಲ್ಲ.

“ಏನಂದಳ್ರಿ?”

“ಬಾಗಲದ ಕಡೆ ನೋಡಿ ‘ನೆಳವ ಬಂದ್ರು’ ಅಂದ್ರು. ಅಲ್ಲಿ ಯಾರೂ ಇಲ್ಲ. ಊಟಕ್ಕ ತಾಟ ಹಚ್ಚು ಅಂತ ಎಡಗೈ ಮಾಡಿ ತೋರ್ಸಾಕತ್ತಾರ. ನೀವು ಓದೋ ಶಬ್ದ ಅಲ್ಲೇನ್ರಿ ಅದು?”

ಹೌದೆಂದೆ. ಅವರ ಗಂಡ, ನಮ್ಮ ಅಣ್ಣ, ಎಲ್ಲಿ ಎಂದು ಕೇಳಿದೆ. ಹುಕ್ಕೇರಿ ಕಡೆಯ ದಡ್ಡಿಗೆ, ಅಂದರೆ ಕುರಿಹಟ್ಟಿಗೆ, ಕುರಿ ನೋಡಲು ಹೋಗಿದ್ದವನು, ಬೈಕಿನಲ್ಲಿ ಹೊರಟಿದ್ದೇನೆಂದು ತಿಳಿಸಿದ್ದನಂತೆ. ದೊಡ್ಡವ್ವ ಪಟ್ಟು ಬಿಡದ್ದರಿಂದ ವೈನಿ ಅವನು ಕೂರುವ ಕಡೆ ತಾಟು ಇಟ್ಟು ರೊಟ್ಟಿ, ಪಲ್ಯ ಬಡಿಸಿದರು. ಅವನು ಬರಲಿಲ್ಲ. ಸೇತುವೆ ಮೇಲೆ ನೀರು ಹರಿಯುತ್ತಿದೆ, ದಡ್ಡಿಗೇ ತಿರುಗಿದೆ ಎಂದು ಆಮೇಲೆ ಫೋನ್ ಬಂತು. ಬಡಿಸಿದ್ದು ಬಡಿಸಿದಂತೆಯೇ ಆರಿಹೋಯಿತು.

ಮರುದಿನ ಮನೆಗೆ ಬಂದ ಅಣ್ಣ ಕೈಕಾಲು ತೊಳೆದು ಕೂತವನು ತಾಟನ್ನು ದೂರ ಸರಿಸಿದನಂತೆ. “ಯಾಕೋ ನಿನ್ನಿ ಸಂಜಿಯಿಂದ ಹಸಿವ ಇಲ್ಲ. ಹೊಟ್ಟಿ ತುಂಬಿದಂಗ ಐತಿ.”

ಮುಂದಿನ ಭಾನುವಾರ ವೈನಿ ನನ್ನನ್ನು ಅಡುಗೆಮನೆಗೆ ಕರೆದರು. “ಆ ಶಬ್ದ ನಮ್ಮ ಮನ್ಯಾಗ ಓದಬ್ಯಾಡ್ರಿ.”

ನನಗೂ ಹೆದರಿಕೆಯಾಗಿತ್ತು. ಅದನ್ನು ‘ಮುಂಗಾಮಿ’ ಎಂದು ಬದಲಿಸಿಕೊಂಡು ಓದಿದೆ. ದೊಡ್ಡವ್ವ ಎಡಗೈಯಿಂದ ಹಾಳೆ ಹಿಡಿದು ನಿಲ್ಲಿಸಿದಳು. “ನೆಳವ,” ಎಂದಳು, ಮಗ್ಗಿ ತಪ್ಪಿದವರನ್ನು ತಿದ್ದುವಂತೆ. “ನೆಳವ ಬಂದ್ರು.”

ಬಂದ್ರು. ಹೊಸ್ತಿಲಿಗೆ ಬಂದ ಹಿರಿಯರಿಗೆ, ಗುರುತಿಲ್ಲದವರಿಗೆ ನಾವು ಹೀಗೇ ಅನ್ನುತ್ತೇವೆ. ಗೋಕಾಕಕ್ಕೆ ಮರಳಿ, ನೆಳವನಿಗೆ ಸದ್ಯಕ್ಕೆಂದು ಬಳಸಿದ್ದ ‘ಬಂದನು’ಗಳನ್ನೆಲ್ಲ ‘ಬಂದರು’ ಮಾಡಿದೆ. ವ್ಯಾಕರಣ ಸರಿಹೋಯಿತು. ಆದರೆ ಅಲ್ಲಿಂದಾಚೆ ಆ ಪುಟಗಳನ್ನು ಒಬ್ಬಳೇ ಕೂತು ಓದುವುದು ನನ್ನಿಂದಾಗಲಿಲ್ಲ. ಮರ್ಯಾದೆ ಕೊಟ್ಟು ಕರೆದವರು ಬಂದೇಬಿಡುತ್ತಾರೇನೋ ಎನಿಸುತ್ತಿತ್ತು.

ಚಳಿಗಾಲದ ಹೊತ್ತಿಗೆ ದೊಡ್ಡವ್ವನಿಗೆ ಮಾತು ತಕ್ಕಮಟ್ಟಿಗೆ ಮರಳಿತು. ನೆಳವ ಅಂದರೆ ಏನು ಎಂದು ಕೇಳಿದೆ.

“ಹಂಗಂದ್ರ ಏನವಾ? ನಾ ಎಂದೂ ಕೇಳಿಲ್ಲ,” ಎಂದಳು.

ಪುಸ್ತಕ ಅಚ್ಚಿಗೆ ಹೋಯಿತು. ಅದಾದ ಮೇಲೆ ಒಂದು ಬೆಳಿಗ್ಗೆ ವೈನಿಯ ಫೋನ್ ಬಂತು.

“ಎಲ್ಲಿದ್ದೀರಿ?”

“ಗೋಕಾಕದಾಗ, ಮನ್ಯಾಗ ಅದೀನ್ರಿ.”

ಆ ಕಡೆ ಬಾಗಿಲು ಎಳೆದುಕೊಂಡ ಸದ್ದು ಕೇಳಿಸಿತು.

“ಬರ್ರಿ,” ಎಂದರು ಮೆಲ್ಲಗೆ. “ನಿಮ್ಮ ನೆಳವ ಬಂದು ಕುಂತಾರ. ಚಾ ಕೊಟ್ಟೇನಿ.”

ಆ ದಿನ ಕಲ್ಲೋಳಿಗೆ ಹೋಗುವ ವಿಚಾರವೇ ನನಗಿರಲಿಲ್ಲ. ಚಪ್ಪಲಿ ಮೆಟ್ಟಿಕೊಂಡು, ಆ ದಾರಿಯಲ್ಲೇ ಹೋಗುವ ಮೂಡಲಗಿ ಬಸ್ಸು ಹತ್ತಿದೆ.