ದಿಂಬಿನ ಕವರಿನಲ್ಲಿ ನಾಲ್ಕು ಮಾತ್ರೆ

ಅಮ್ಮ ಸೂರ್ಯ ಮುಳುಗಿದ ಮೇಲೆ ಊಟ ಮಾಡುತ್ತಿರಲಿಲ್ಲ, ನೀರನ್ನೂ ಮುಟ್ಟುತ್ತಿರಲಿಲ್ಲ. ನಮ್ಮ ಜೈನರ ಮನೆಗಳಲ್ಲಿ ಇದು ಬಾಯಿಬಿಟ್ಟು ಹೇಳುವ ವಿಷಯವೇ ಅಲ್ಲ. ಹಾಗಾಗಿ, ಎದೆಬಡಿತ ತಪ್ಪುತ್ತಿದೆಯೆಂದು ಅವರನ್ನು ಮೂಡುಬಿದಿರೆಯ ಆಸ್ಪತ್ರೆಗೆ ಸೇರಿಸಿದಾಗ ನಾನೂ ಯಾರಿಗೂ ಹೇಳಲಿಲ್ಲ. ಬೆಳಕಿರುವಾಗಲೇ ಊಟ ಮಾಡಿಸಿ, ಸಂಜೆಯ ಬಸ್ಸು ಹಿಡಿದು ಬಂಟ್ವಾಳದ ಮನೆಗೆ ಹೋಗುತ್ತಿದ್ದೆ.

ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ದಿನಕ್ಕೆ ಎರಡು. ಎರಡನೆಯದು ರಾತ್ರಿ ಎಂಟಕ್ಕೆ. ರಾತ್ರಿಯ ಸಿಸ್ಟರ್ ಅದನ್ನು ಸಣ್ಣ ಕಪ್ಪಿನಲ್ಲಿಟ್ಟು, ಪಟ್ಟಿಯಲ್ಲಿ ಗುರುತು ಹಾಕಿ ಮುಂದಿನ ಹಾಸಿಗೆಗೆ ಹೋಗುತ್ತಿದ್ದರಂತೆ. ಅಷ್ಟು ದೊಡ್ಡ ವಾರ್ಡಿಗೆ ಒಬ್ಬರೇ. ಅವರನ್ನು ದೂರಿ ಏನು ಪ್ರಯೋಜನ?

ಐದನೆಯ ಬೆಳಿಗ್ಗೆ ವಾರ್ಡಿನ ಆಯಾ, ಬೆಳ್ತಂಗಡಿ ಕಡೆಯವಳು, ದಿಂಬಿನ ಕವರು ಬದಲಿಸುವಾಗ ನಾಲ್ಕು ಮಾತ್ರೆ ನೆಲಕ್ಕುದುರಿದವು.

“ಇದೆಂತ ಅಮ್ಮ, ದಿಂಬಿಗೆ ಮದ್ದು ಕುಡಿಸುವುದಾ ನೀವು?” ಎಂದು ನಕ್ಕಳು.

“ಕತ್ತಲಾದ ಮೇಲೆ ಬಾಯಿಗೆ ಹಾಕುವ ಕ್ರಮ ಇಲ್ಲ ಮಗಾ. ಬೇಡ ಅಂದ್ರೆ ಆ ಸಿಸ್ಟರಿಗೆ ಬೇಜಾರು,” ಎಂದರು ಅಮ್ಮ.

ಆಯಾಳ ನಗು ನಿಂತಿತು. ಮಾತ್ರೆಗಳನ್ನು ಅಂಗೈಯಲ್ಲಿ ಹಿಡಿದು ಹಗಲಿನ ಸಿಸ್ಟರ್ ಹತ್ತಿರ ಹೋಗಿ, ಅಮ್ಮ ರಾತ್ರಿಯ ಮದ್ದು ನುಂಗುತ್ತಿಲ್ಲ ಎಂದಳು.

“ನೀನು ಡಾಕ್ಟ್ರು ಆದದ್ದು ಯಾವಾಗ ಮಾರಾಯ್ತಿ? ರೌಂಡ್ಸಿನ ಹೊತ್ತಾಯ್ತು, ಮೊದಲು ಆ ಬಕೆಟ್ ತೆಗಿ ಇಲ್ಲಿಂದ,” ಎಂದರು ಸಿಸ್ಟರ್.

ಡಾಕ್ಟರು ಬರುವಾಗ ಆಯಾಗಳೂ ಮನೆಯವರೂ ಹೊರಗೆ ಹೋಗಬೇಕು, ಅದು ಅಲ್ಲಿಯ ಪದ್ಧತಿ. ವರಾಂಡದಲ್ಲಿ ನಾವಿಬ್ಬರೂ ಗೋಡೆಗೊರಗಿ ನಿಂತೆವು.

“ಅಕ್ಕ, ಡಾಕ್ಟ್ರಿಗೆ ನೀವಾದ್ರೂ ಹೇಳಿ. ನಿಮ್ಮ ಮಾತು ಕೇಳ್ತಾರೆ.”

“ಹೇಳ್ತೇನೆ,” ಎಂದೆ.

ಡಾಕ್ಟರು ಹೊರಬಂದರು, ಹಿಂದೆ ಒಂದು ದಂಡು. ಅಮ್ಮನ ವ್ರತಕ್ಕೆ ಎಲ್ಲರೆದುರು ಗದರಿದರೆ ಎಂದು ನನಗೆ ಅಳುಕು. ದಾರಿ ಬಿಟ್ಟು ನಿಂತೆ. ನಾಳೆ ಹೇಳುವ ಎಂದುಕೊಂಡೆ. ಹೊರಡುವಾಗ ಅಮ್ಮನಿಗೆ ಮಾತ್ರ, “ಇವತ್ತು ನುಂಗಿ ಆಯ್ತಾ,” ಎಂದೆ. “ಆಯ್ತು” ಎಂದರು. ಆ ‘ಆಯ್ತು’ ನನಗೆ ಗೊತ್ತಿಲ್ಲದ್ದೇನಲ್ಲ.

ಮರುದಿನ ನಾನು ತಲುಪುವಾಗ ಅಮ್ಮನ ಬಲಗೈ ಬಿದ್ದುಹೋಗಿತ್ತು. ಮಾತೂ ಹೋಗಿತ್ತು. ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟಿದೆ ಎಂದರು.

ಮದ್ದು ಕೊಟ್ಟೂ ಹೀಗೇಕಾಯಿತೆಂದು ಡಾಕ್ಟರು ಕೇಳಿದಾಗ ಆಯಾ ಯಾರ ಅಪ್ಪಣೆಗೂ ಕಾಯದೆ ಮುಂದೆ ಬಂದು ಹೇಳಿಬಿಟ್ಟಳು. ಡಾಕ್ಟರು ಪಟ್ಟಿಯಲ್ಲಿ ರಾತ್ರಿ ಎಂಟರ ಗುರುತುಗಳ ಮೇಲೆ ಬೆರಳಿಟ್ಟು ಹೇಳಿದರು.

“ಬೆಳಿಗ್ಗೆ ಏಳಕ್ಕೆ, ಸಂಜೆ ಆರಕ್ಕೆ ಮೊದಲು ಕೊಡಬಹುದಿತ್ತು. ಅಷ್ಟೇ ಇದ್ದದ್ದು.”

ಅಷ್ಟೇ ಇದ್ದದ್ದು. ಈಗಲೂ ಪಾತ್ರೆ ತೊಳೆಯುವಾಗ, ಅಕ್ಕಿ ಆರಿಸುವಾಗ ಆ ಮಾತು ಕಿವಿಗೆ ಬಂದು ಕೂರುತ್ತದೆ.

ಅಂದಿನಿಂದ ರೌಂಡ್ಸಿನಲ್ಲಿ ಆಯಾಳನ್ನು ಹೊರಗೆ ಕಳಿಸಲಿಲ್ಲ. ಡಾಕ್ಟರು, ಸಿಸ್ಟರು, ವ್ಯಾಯಾಮ ಮಾಡಿಸುವ ಹುಡುಗಿ, ಇವಳು, ಎಲ್ಲರೂ ಅಮ್ಮನ ಹಾಸಿಗೆಯ ಸುತ್ತ ನಿಲ್ಲುತ್ತಿದ್ದರು. ವ್ಯಾಯಾಮದ ಹುಡುಗಿ ಘಟ್ಟದ ಮೇಲಿನವಳು, ತುಳು ಬಾರದು. ಅವಳು ಕನ್ನಡದಲ್ಲಿ ಹೇಳಿದರೆ, ಈಗ ಮನೆಮಾತು ತುಳು ಮಾತ್ರ ತಿಳಿಯುತ್ತಿದ್ದ ಅಮ್ಮ ಸುಮ್ಮನೆ ನೋಡುತ್ತಿದ್ದರು, ಆಯಾ ಅದನ್ನೇ ತುಳುವಿನಲ್ಲಿ ಹೇಳಿದರೆ ಎಡಗೈ ಎತ್ತುತ್ತಿದ್ದರು. ಬಕೆಟ್ ತೆಗಿ ಎಂದಿದ್ದ ಸಿಸ್ಟರೇ ಗಡಿಯಾರ ನೋಡಿ, ಮೂಗಿಗೆ ಹಾಕಿದ ನಳಿಗೆಯ ಗಂಜಿಯನ್ನು ಬೆಳಕಿರುವಾಗಲೇ ಮುಗಿಸುತ್ತಿದ್ದರು. ಬಸದಿಯ ಸ್ವಾಮಿ ಅಷ್ಟು ದಯೆ ತೋರಿದ. ಕೈ ಬಿದ್ದ ಹತ್ತನೆಯ ದಿನ ಅಮ್ಮ ಹೋಗುವಾಗ ಕಿವಿಯಲ್ಲಿ ಪಂಚನಮಸ್ಕಾರ ಮಂತ್ರ ಹೇಳಲು ನಾನು ಪಕ್ಕದಲ್ಲಿದ್ದೆ, ಅದೂ ದಯೆಯೇ. ಲೆಕ್ಕ ಹಾಕಿದರೆ ಇನ್ನೂ ಒಂದೆರಡು ಸಿಕ್ಕಾವು. ಎಲ್ಲ ಸೇರಿಸಿದರೂ ಒಂದು ಸಂಜೆಯ ಮಾತ್ರೆಯಷ್ಟಾಗುವುದಿಲ್ಲ.

ಅಮ್ಮನ ಬಟ್ಟೆಗಳನ್ನು ಮಡಚುವಾಗ ಆಯಾ ಬಂದು ನನ್ನ ಕೈ ಹಿಡಿದಳು. ಅವಳ ಕಣ್ಣು ಕೆಂಪಾಗಿತ್ತು.

“ತಪ್ಪಾಯ್ತು ಅಕ್ಕ. ನಾನು ಇನ್ನೊಮ್ಮೆ ಹೇಳ್ಬೇಕಿತ್ತು.”

ಅವಳು ಒಮ್ಮೆ ಹೇಳಿದ್ದಳು, ಬೈಸಿಕೊಂಡೂ ಇದ್ದಳು. ನಾನು ಒಮ್ಮೆಯೂ ಹೇಳಿರಲಿಲ್ಲ. ಆಗಲೂ ಅದನ್ನು ಹೇಳಲಿಲ್ಲ; ಅವಳ ಕೈ ಬಿಡಿಸಿಕೊಂಡು ಸೀರೆ ಮಡಚಿದೆ.