ಗೋಡೆಯ ಮೇಲಿನ ಅವಿಭಾಜ್ಯ

ಗಣಿತದ ಮಾಸ್ತರರಾಗಿ ನಿವೃತ್ತರಾದವರಿಗೆ ಒಂದು ರೋಗ ಅಂಟಿಕೊಳ್ಳುತ್ತದೆ. ಜೀವನಪೂರ್ತಿ ಬೇರೆಯವರ ತಪ್ಪು ತಿದ್ದಿದ್ದರಿಂದ, ತಮ್ಮಿಂದ ತಪ್ಪೇ ಆಗದೆಂಬ ನಂಬಿಕೆ. ನನಗೂ ಅದು ಚೆನ್ನಾಗಿಯೇ ಅಂಟಿತ್ತು.

ಹೋದ ವರ್ಷ ನರೇಗಲ್ಲಿನ ಒಂದು ಶಾಲೆಯವರು ಗಣಿತ ದಿನಕ್ಕೆ ನನ್ನನ್ನು ಭಾಷಣಕ್ಕೆ ಕರೆದರು. ಗೋಡೆಗೆ ಬರೆಸಲು ಒಂದು ದೊಡ್ಡ ಅವಿಭಾಜ್ಯ ಸಂಖ್ಯೆ ಹೇಳಿರೆಂದು ಹೆಡ್‌ಮಾಸ್ತರರು ವಾರ ಮೊದಲೇ ಫೋನ್ ಮಾಡಿದ್ದರು. ಒಂದನ್ನು ಮತ್ತು ತನ್ನನ್ನು ಬಿಟ್ಟರೆ ಬೇರೆ ಯಾವುದರಿಂದಲೂ ಶೇಷವಿಲ್ಲದೆ ಭಾಗವಾಗದ್ದು ಅವಿಭಾಜ್ಯ ಎಂಬುದು ನಿಮಗೆ ನೆನಪಿರಬಹುದು. ಇರದಿದ್ದರೆ ತಪ್ಪು ನನ್ನಂಥ ಮಾಸ್ತರರದು. ನಾನು ಠೀವಿಯಿಂದ 10001 ಎಂದೆ. ನೋಡಲಿಕ್ಕೆ ಎಷ್ಟು ಲಕ್ಷಣವಾಗಿದೆ: ಎರಡೂ ತುದಿಗೆ ಕಾವಲುಗಾರರು, ನಡುವೆ ಸೊನ್ನೆಗಳ ಸಂಸಾರ. ಹದಿಮೂರರವರೆಗೆ ಭಾಗಿಸಿಯೂ ನೋಡಿದ್ದೆ. ಅಷ್ಟರಲ್ಲಿ ಮನೆಯವರು ಊಟಕ್ಕೆ ಕರೆದರು. ರೊಟ್ಟಿ ಆರುತ್ತದೆ, ಸಂಖ್ಯೆ ಎಲ್ಲಿ ಹೋಗುತ್ತದೆ?

ರೋಣದಿಂದ ಬಸ್ ಹಿಡಿದು ಹೋದೆ. ಗೋಡೆಯ ಮೇಲೆ ‘10001ರಂತೆ ಅವಿಭಾಜ್ಯರಾಗೋಣ’ ಎಂದು ಬರೆಸಿ, ಕೆಳಗೆ ನನ್ನ ಹೆಸರು ಹಾಕಿದ್ದರು. ಹೆಸರು ಸಂಖ್ಯೆಗಿಂತ ದಪ್ಪವಿತ್ತು. ಶಾಲು ಹೊದಿಸಿದ ಮೇಲೆ ಮಾತು ತಾನಾಗಿಯೇ ಉಕ್ಕಿತು. ಮುಂದೆ ಹೋದಂತೆ ಅವಿಭಾಜ್ಯಗಳು ವಿರಳವಾಗುತ್ತವೆ, ಆದರೆ ಎಂದೂ ಮುಗಿಯುವುದಿಲ್ಲ ಎಂದೆ. ನನ್ನ ಭಾಷಣದೊಳಗಿನ ಅರ್ಥವೂ ವಿರಳವಾಗುತ್ತಿತ್ತು, ಭಾಷಣ ಮುಗಿಯುತ್ತಿರಲಿಲ್ಲ.

ಕಡೆಗೆ, ಪ್ರಶ್ನೆ ಇದ್ದರೆ ಕೇಳಿ ಎಂದೆ. ಹಿಂದಿನ ಸಾಲಿನಿಂದ ಹೊಲಿಗೆ ಕಲಿಸುವ ಶಮಶಾದ ಟೀಚರ್ ಎದ್ದರು. ಕೈಯಲ್ಲಿದ್ದ ಆಮಂತ್ರಣ ಪತ್ರಿಕೆಯ ಹಿಂಬದಿ ಪೂರ್ತಿ ಭಾಗಾಕಾರ.

“ಸರ್, ಇದು ಎಪ್ಪತ್ತಮೂರಕ್ಕ ಭಾಗ ಹೋಗತೈತಿ ನೋಡ್ರಿ. ನೂರಾ ಮೂವತ್ತೇಳು ಸಲ.”

ಕನಿಕರದ ನಗೆ ನಕ್ಕು, ಅಲ್ಲಿಯವರೆಗೆ ಹೇಗೆ ಹೋದಿರಿ ಎಂದೆ.

“ನೀವು ಮಾತಾಡಕೋತ ನಿಂತಿದ್ರಿ, ನಾ ಎರಡರಿಂದ ಹಿಡದು ಭಾಗಿಸಿಕೋತ ಕುಂತೆ. ಭಾಷಣ ಲಗೂ ಮುಗದಿದ್ರ ಎಪ್ಪತ್ತಮೂರರ ತನಕ ಬರ್ತಿದ್ದಿಲ್ರಿ.”

ಕುಹಕವಿಲ್ಲದೆ ಹೇಳಿದರು; ಅದಕ್ಕೇ ಹೆಚ್ಚು ಚುಚ್ಚಿತು. ಹೆಡ್‌ಮಾಸ್ತರರು ಮೊಬೈಲಿನಲ್ಲಿ ಲೆಕ್ಕ ಮಾಡಿ ನೋಡಿ, ಅದನ್ನು ಮೆಲ್ಲಗೆ ಜೇಬಿಗಿಳಿಸಿದರು. ವಂದನಾರ್ಪಣೆಯಲ್ಲಿ ಮಾತ್ರ ನನ್ನನ್ನು ಗಣಿತಸಾಗರ ಎಂದೇ ಕರೆದರು. ಚಹಾ ಕುಡಿಯುವಾಗ ಕಿವಿಯಲ್ಲಿ ಹೇಳಿದರು: “ಬಣ್ಣ ಒಣಗೇತ್ರಿ, ಇರಲಿ ಬಿಡ್ರಿ. ಯಾರು ಭಾಗಿಸಿ ನೋಡ್ತಾರ?”

ಬಸ್ಸಿನ ಹೊತ್ತಾಗಿತ್ತು. ಖರೇ ಹೇಳುತ್ತೇನೆ, ಒಪ್ಪುವ ಮನಸ್ಸೂ ಆಗಿತ್ತು. ಆದರೆ ಮಕ್ಕಳು ದಿನಾ ಆ ಗೋಡೆ ಓದುತ್ತಾರೆ, ನನ್ನ ಹೆಸರಿನ ಸಮೇತ. ಬಸ್ ಬಿಟ್ಟೆ. ಹೊಲಿಗೆ ಕೋಣೆಯಲ್ಲಿ ಟೀಚರ್ ಪಕ್ಕ ಕುಳಿತು 10007 ತೆಗೆದುಕೊಂಡೆ. ಅದರ ವರ್ಗಮೂಲ ನೂರರ ಆಸುಪಾಸು, ಹಾಗಾಗಿ ನೂರರೊಳಗಿನ ಇಪ್ಪತ್ತೈದು ಅವಿಭಾಜ್ಯಗಳಿಂದ ಭಾಗಿಸಿ ನೋಡಿದರೆ ಸಾಕು. ಅವರು ಭಾಗಿಸಿದರು, ನಾನು ತಾಳೆ ನೋಡಿದೆ. ಎಲ್ಲದಕ್ಕೂ ಶೇಷ ಉಳಿಯಿತು. ಪೇಂಟರ್ ಬಂದು ಕೊನೆಯ ಒಂದರ ತಲೆಗೆ ಅಡ್ಡಗೆರೆ ಎಳೆದು ಏಳು ಮಾಡಿದ.

ಟೀಚರ್ ಹೆಸರನ್ನೂ ಕೆಳಗೆ ಸೇರಿಸು ಎಂದೆ. ಅವರು ಅವನ ಕೈ ತಡೆದರು.

“ನಿಮ್ಮ ಹೆಸರಷ್ಟ ಇರಲ್ರಿ ಸರ್. ನಾಳೆ ಯಾರರ ಇದನ್ನೂ ಭಾಗಿಸಿಬಿಟ್ರ?”

ಕೀರ್ತಿಗೆ ಪಾಲುದಾರರು ಸಿಗುತ್ತಾರೆ. ತಪ್ಪು ಮಾತ್ರ ಅವಿಭಾಜ್ಯ.