ಟವೆಲ್ ಹತ್ತಿ ಹೋತು

ಹಳೇ ಹುಬ್ಬಳ್ಳಿಯ ಮೆಣಸಿನಕಾಯಿ ವ್ಯಾಪಾರಿ ಕುಮಾರಸ್ವಾಮಿ ಆ ರವಿವಾರ ಬೆಳಗಿನಿಂದ ಕೂತಿರಲಿಲ್ಲ. ಪಡಸಾಲೆಯ ಕುರ್ಚಿಗಳನ್ನು ನಾಲ್ಕು ಸಲ ಸರಿಸಿದ, ಐದನೆಯ ಸಲ ಮೊದಲಿದ್ದಲ್ಲಿಗೇ ತಂದಿಟ್ಟ. ಮಗಳು ವಾಣಿಶ್ರೀಯನ್ನು ನೋಡಲು ರಾಯಾಪುರದಿಂದ ಬರುವವರಿದ್ದರು. ಹುಡುಗ ಶಿವಯೋಗೀಶ ಮಗಳಿಗೆ ಮೊದಲೇ ಮೆಚ್ಚುಗೆಯಾಗಿದ್ದ. ಹುಡುಗನ ತಂದೆ ಶಂಭುಲಿಂಗ ನಿವೃತ್ತ ಹೆಡ್ ಮಾಸ್ತರರು. ಅವರು ನಕ್ಕಿದ್ದನ್ನು ಕಂಡವರಿಲ್ಲ. ಸಂಬಂಧ ಕೂಡಬೇಕಾದರೆ ಮನೆಮಂದಿಯ ಬಾಯಿ ಮುಚ್ಚಿರಬೇಕು ಎಂದು ಕುಮಾರಸ್ವಾಮಿ ತೀರ್ಮಾನಿಸಿದ್ದ.

ಈ ಭಯಕ್ಕೆ ಇತಿಹಾಸವಿತ್ತು. ಪ್ರತಿ ಬೇಸಿಗೆ ರಜೆಯಲ್ಲಿ ಈ ಮನೆತನ ದೂರದ ಮೋಜಿನ ಪಾರ್ಕಿನ ಮೇಲೆ ದಂಡೆತ್ತಿ ಹೋಗುತ್ತಿತ್ತು. ಮೊದಲ ದಂಡಯಾತ್ರೆಯಲ್ಲೇ ಸೇನಾಪತಿ ಕುಮಾರಸ್ವಾಮಿ, ಬಸ್ಸಿನ ಕಿಟಕಿಯಿಂದ ಟವೆಲ್ ಒಗೆದು ಮೂವತ್ತು ವರ್ಷ ಸೀಟು ಹಿಡಿದ ಶೂರ, ರೋಲರ್ ಕೋಸ್ಟರಿಗೆ ಪಾಳಿ ಹಚ್ಚಿದವರ ಸಾಲಿನ ಉದ್ದ ಕಂಡು, ಕಂಬಿಯ ಮೇಲಿಂದ ಟವೆಲನ್ನು ಮುಂದಿನ ಸೀಟಿಗೆ ಒಗೆದ. ಗಾಡಿ ಅವನನ್ನು ಬಿಟ್ಟು ಟವೆಲನ್ನು ಕರಕೊಂಡು ಹೊರಟಿತು. ಟವೆಲ್ ಮೇಲೇರಿತು, ತಲೆಕೆಳಗಾಯಿತು, ಕೊನೆಗೆ ಹಾರಿ ಕೊಳದ ಪಾಲಾಯಿತು. ಅಂದಿನಿಂದ ಯಾರ ಯೋಜನೆ ಯಾರನ್ನೇ ಬಿಟ್ಟು ಮುಂದೆ ಹೋಗಲಿ, ಮನೆಯಲ್ಲಿ "ಟವೆಲ್ ಹತ್ತಿ ಹೋತು" ಎನ್ನುವುದೇ ರೂಢಿ.

ಕುಮಾರಸ್ವಾಮಿಯ ಅವ್ವ ಗೌರಕ್ಕನ ಪರಾಕ್ರಮವೇ ಬೇರೆ. ಭೂತಬಂಗಲೆಯ ಕತ್ತಲಲ್ಲಿ ಎಲುಬಿನ ಹಂದರವೊಂದು ಮೈಮೇಲೆ ಬಾಗಿದಾಗ ಆಕೆ ಅದರ ಗಲ್ಲ ಸವರಿ ಕೇಳಿದ್ದಳು: "ಎಷ್ಟ ಸೊರಗೀಯಪಾ, ಉಂಡೀ ಏನು?" ಈಗ ಬಡಕಲು ಮೈಯವರು ಯಾರೇ ಬಂದರೂ ಎಲ್ಲರ ನಾಲಿಗೆಯ ತುದಿಯಲ್ಲಿ ಅದೇ ಮಾತು.

"ಇವತ್ತ ಒಂದ ತಾಸು, ಪಾರ್ಕಿನ ಮಾತು ಒಂದೂ ಬರಬಾರದು," ಎಂದು ಕುಮಾರಸ್ವಾಮಿ ಎಲ್ಲರಿಂದ ಆಣೆ ಹಾಕಿಸಿಕೊಂಡ.

"ನಿನ್ನ ಕಾಲಿಗೂ ಒಂದ ಆಣಿ ಹಾಕಪಾ, ನಿಂತಲ್ಲಿ ನಿಲ್ಲವಲ್ವು," ಎಂದಳು ಗೌರಕ್ಕ.

ರಾಯಾಪುರದವರು ಬಂದರು. ಶಿವಯೋಗೀಶ ಬಿದಿರಿನ ಗಳದಂತೆ ಉದ್ದಕ್ಕೆ ಬಡಕಲಾಗಿದ್ದ, ಬಾಗಿಲಲ್ಲಿ ಬಗ್ಗಿ ಒಳಬಂದ. ಗೌರಕ್ಕ ಅವನನ್ನು ನೋಡಿದ್ದೇ ತಡ, ಸೆರಗನ್ನು ಬಾಯಿಗೆ ತುರುಕಿಕೊಂಡಳು. ಆಕೆಯ ಭುಜಗಳು ಕುಲುಕತೊಡಗಿದವು. ಕುಮಾರಸ್ವಾಮಿಯ ಹೆಂಡತಿ ದಾಕ್ಷಾಯಿಣಿ ಅಡಿಗೆಮನೆಗೆ ಓಡಿದಳು. ವಾಣಿಶ್ರೀ ತುಟಿ ಕಚ್ಚಿ ನೆಲ ನೋಡಿದಳು. ಕುಮಾರಸ್ವಾಮಿ ತಾನೇ ಅವಲಕ್ಕಿ ತಟ್ಟೆಗಳನ್ನು ಹಂಚಿದ.

ಹುಡುಗನ ತಾಯಿ ತಟ್ಟೆ ಕೆಳಗಿಟ್ಟರು. "ಯಾಕ್ರಿ, ಅಜ್ಜಿ ಅಳಾಕತ್ತಾರ, ಹುಡುಗಿ ಮುಖಾನ ಎತ್ತವಲ್ಲಳು. ಒತ್ತಾಯ ಮಾಡಿ ಕುಂದರ್ಸಿದ್ರ ಹೇಳಿಬಿಡ್ರಿ. ಹಂಗಿದ್ರ ನಮಗ ಈ ಸಂಬಂಧ ಬ್ಯಾಡ."

ಹೆಡ್ ಮಾಸ್ತರರು ಬಾಗಿಲಾಚೆಯ ಚಪ್ಪಲಿ ಕಡೆ ನೋಡಿದರು. ವಾಣಿಶ್ರೀ ಅಪ್ಪನ ಕಡೆ ನೋಡಿದಳು.

ಕುಮಾರಸ್ವಾಮಿ ಪಡಸಾಲೆಯ ಈ ತುದಿಯಿಂದ ಆ ತುದಿಗೆ ಎರಡು ಸಲ ನಡೆದ. ಆಮೇಲೆ ಪ್ರತಿಷ್ಠೆಯನ್ನು ಗೂಟಕ್ಕೆ ತೂಗುಹಾಕಿದವನಂತೆ ನಿಂತು, ಟವೆಲ್ಲಿನಿಂದ ಹಿಡಿದು ಎಲುಬಿನ ಹಂದರದವರೆಗೆ ಒಂದೂ ಬಿಡದೆ ಹೇಳಿದ. ಟವೆಲ್ ತರಲು ಕೊಳಕ್ಕಿಳಿದು, ಕಾವಲಿನವನ ಕೈಗೆ ಸಿಕ್ಕಿಬಿದ್ದು ಬೈಸಿಕೊಂಡದ್ದನ್ನೂ ಹೇಳಿದ.

"ಇದನ್ನ ನಮಗ ಹೇಳೇ ಇಲ್ಲಲ್ರಿ," ಎಂದಳು ದಾಕ್ಷಾಯಿಣಿ ಒಳಗಿನಿಂದ.

ಶಿವಯೋಗೀಶ ಗೌರಕ್ಕನತ್ತ ತಿರುಗಿದ. "ಉಂಡಿಲ್ರಿ ಅಜ್ಜಿ. ಹೆದರಿಕಿಗೆ ಮುಂಜಾನಿಯಿಂದ ಒಂದ ತುತ್ತೂ ಇಳದಿಲ್ಲ."

ಗೌರಕ್ಕನ ಬಾಯಿಂದ ಸೆರಗು ಜಾರಿತು. ವಾಣಿಶ್ರೀ ತಲೆಯೆತ್ತಿ ನಕ್ಕೇಬಿಟ್ಟಳು. ಹುಡುಗನ ತಾಯಿ ಕಣ್ಣೊರೆಸಿಕೊಳ್ಳುತ್ತ ಗಂಡನನ್ನು ಮೊಣಕೈಯಿಂದ ತಿವಿದರು.

"ನೀವೂ ಆ ನೀರಿನ ಜಾರುಬಂಡಿದ್ದು ಹೇಳ್ರಿ."

"ಅದು ಈಗ್ಯಾಕ?"

"ಬೀಗರಾಗಾವ್ರಿಗೆ ಗೊತ್ತಿರಬೇಕಲ್ರಿ."

ಹೆಡ್ ಮಾಸ್ತರರು ಗಂಟಲು ಸರಿಮಾಡಿಕೊಂಡು, ಹಾಜರಿ ಕರೆಯುವ ದನಿಯಲ್ಲಿ ಶುರು ಮಾಡಿದರು: "ಅವತ್ತ ನಾನು ಧೋತರ ಉಟ್ಟಿದ್ದೆ."